ಹೆಜ್ಜೆಯ ಮಣ್ಣು

“ಯಪ್ಪಾ, ಆ ಮಣ್ಣ ಅಲ್ಲೇ ಹಾಕು. ಅದು ಹೆಣ್ಮಗಳ ಹೆಜ್ಜಿ ಅದ.”

ಶಾಹಿದ ತಲೆ ಎತ್ತಲಿಲ್ಲ. ಅಂಗಳದಲ್ಲಿ ಕುಕ್ಕರಗಾಲಿನಲ್ಲಿ ಕೂತು, ಚಹಾದ ಚಮಚದ ತುದಿಯಿಂದ ತನ್ನ ಹೆಂಡತಿಯ ಹೆಜ್ಜೆಗುರುತನ್ನು ಅಂಚು ಮುರಿಯದ ಹಾಗೆ ನೆಲದಿಂದ ಬಿಡಿಸುತ್ತಿದ್ದ. ಹಿಂದಿನ ದಿನ ಮಳೆ ಸುರಿದಾಗ ಫರಹೀನ ಹಗ್ಗದ ಮೇಲಿನ ಬಟ್ಟೆ ತರಲು ಬರಿಗಾಲಲ್ಲಿ ಓಡಿದ್ದಳು. ಒದ್ದೆ ಎರೆಮಣ್ಣಿನಲ್ಲಿ ಅವಳ ಬಲಗಾಲು ಐದೂ ಬೆರಳಿನ ಸಮೇತ ಮೂಡಿತ್ತು. ಈಗ ಬಿಸಿಲಿಗೆ ಒಣಗಿ, ಹಿಮ್ಮಡಿಯ ಸುತ್ತ ಕೂದಲೆಳೆಯಷ್ಟು ಸಣ್ಣ ಬಿರುಕು ಬಿಟ್ಟಿತ್ತು. ಇಂಥ ಬಿರುಕನ್ನು ಬಣ್ಣದಲ್ಲಿ ತರಲು ಅವನು ವಾರಗಟ್ಟಲೆ ಒದ್ದಾಡಿದ್ದುಂಟು. ಪುಕ್ಕಟೆ ಸಿಕ್ಕಿದ್ದನ್ನು ಮುದುಕಿಯ ಮಾತಿಗೆ ಬಿಡುವುದೇ?

ಮುದುಕಿ ಎಂದರೆ ಮನೆಯ ಒಡತಿ ಚಂದಮ್ಮ. ಕಡಗಂಚಿಯ ಊರೊಳಗೆ ಆ ಅಂಗಳದ ಆಚೆ ಬದಿಯ ಮನೆಯಲ್ಲಿ ಅವಳು, ಈಚೆಯ ಎರಡು ಕೋಣೆಗಳಲ್ಲಿ ಬಾಡಿಗೆಗೆ ಶಾಹಿದ ಮತ್ತು ಫರಹೀನ. ದಿನಾ ದೀಪ ಹಚ್ಚುವ ಹೊತ್ತಿಗೆ ಚಂದಮ್ಮ ಕಸಬರಿಗೆ ಹಿಡಿದು ಬಂದು, ಅಂಗಳದಲ್ಲಿ ಮೂಡಿದ ಹೆಂಗಸರ ಹೆಜ್ಜೆಗಳನ್ನು ಅಳಿಸಿ ಹೋಗುತ್ತಿದ್ದಳು. ಗಂಡಸರದ್ದು ಬಿದ್ದಿದ್ದರೆ ಬಿದ್ದಿರಲಿ. ನಿನ್ನೆ ಮಾತ್ರ ಅವಳು ತೊಗರಿ ನೋಡಲು ನಿಂಬರ್ಗಾದ ಹೊಲಕ್ಕೆ ಹೋಗಿ ಮಳೆಗೆ ಸಿಕ್ಕಿ ಅಲ್ಲೇ ಉಳಿದಿದ್ದಳು.

“ಆಯಿ, ಇದು ಗೊಂಬಿ ಕೆಳಗ ಹಾಕಾಕರಿ,” ಎಂದ ಶಾಹಿದ ನಗುತ್ತ. “ಫರಹೀನಂದೇ ಗೊಂಬಿ. ಅಕಿ ಮಣ್ಣಿನ ಮ್ಯಾಲೇ ಅಕಿನ್ನ ನಿಲ್ಲಸ್ತೇನಿ. ಬಾಚಣಿಕ್ಯಾಗಿನ ಕೂದಲಾನೂ ತಗದಿಟ್ಟೇನಿ.”

ಚಂದಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಅವಳ ಮುಖದ ಬಣ್ಣ ಇಳಿದದ್ದನ್ನು ಅವನು ನೋಡಿದ. ಬಣ್ಣದ ವಿಷಯದಲ್ಲಿ ಅವನ ಕಣ್ಣು ತಪ್ಪುತ್ತಿರಲಿಲ್ಲ.

“ನಕ್ಕೋತ ಹೇಳಬ್ಯಾಡ. ಹಾಂಗ ಮಾಡಿದ್ರ ಮನಷ್ಯಾ ಹೋಗಬೇಕಾದ ಕಡೆ ಹೋಗಂಗಿಲ್ಲ.”

ಹಾಗಾದರೆ ನಿಮ್ಮ ಬಾಡಿಗೆದಾರರು ಮನೆ ಬಿಟ್ಟು ಓಡುವ ಭಯವಿಲ್ಲ ಬಿಡಿ ಎಂದು ಚೇಷ್ಟೆ ಮಾಡಿ, ಶಾಹಿದ ಹೆಜ್ಜೆಯನ್ನು ರಟ್ಟಿನ ಮೇಲೆ ಸರಿಸಿಕೊಂಡು ಒಳಗೆ ಹೋದ.

ಅವನು ಸೊಲ್ಲಾಪುರದವನು. ಕಸಬು ರೆಸಿನ್ನಿನ ಗೊಂಬೆ ಮಾಡುವುದು. ಗೇಣುದ್ದದ ಸಿಪಾಯಿ, ಕುದುರೆ ಸವಾರ, ನೀರು ಹೊರುವ ಹೆಂಗಸು. ಮೊದಲು ಪುಟ್ಟಿ ಎಂಬ ಕಣಕದಂಥ ಲೇಪದಲ್ಲಿ ತಿದ್ದಿ, ಅದರಿಂದ ರಬ್ಬರಿನಂಥ ಸಿಲಿಕೋನಿನ ಅಚ್ಚು ತೆಗೆದು, ಅಚ್ಚಿಗೆ ಪ್ಲಾಸ್ಟಿಕ್ಕಿನ ದ್ರವವಾದ ರೆಸಿನ್ ಹೊಯ್ದು, ಗಟ್ಟಿಯಾದ ಮೇಲೆ ಬಣ್ಣ ಹಚ್ಚುತ್ತಿದ್ದ. ಪ್ರತಿ ಗೊಂಬೆಯ ಕಾಲಡಿಗೆ ಅಂಗೈಯಗಲದ ಒಂದು ನೆಲವನ್ನೂ ಮಾಡುತ್ತಿದ್ದ. ಆ ನೆಲಕ್ಕೆ ನಿಜವಾದ ಮಣ್ಣು, ನಿಜವಾದ ಬೇರು, ನಿಜವಾದ ಕಲ್ಲುಪುಡಿ. ದೂರದೂರಿನ ಷೋಕಿವಾಲರು ಅವನ್ನು ಕೊಂಡು ಗಾಜಿನ ಕಪಾಟಿನಲ್ಲಿಡುತ್ತಿದ್ದರು. ಅವನ ಹೆಸರು ನಡೆಯುತ್ತಿದ್ದದ್ದೇ ಆ ನೆಲಗಳಿಂದ. ನೋಡಿದವರಿಗೆ ಅಲ್ಲಿ ಕಾಲಿಡಬೇಕು ಅನಿಸುತ್ತಿತ್ತು.

ಫರಹೀನ ಅಫಜಲಪುರದ ಹುಡುಗಿ. ಇಲ್ಲಿನ ವಿಶ್ವವಿದ್ಯಾಲಯದಲ್ಲಿ ಸಂಶೋಧನೆ ಮಾಡಬೇಕೆಂದು ಬಂದವಳ ಜೊತೆ ಅವನೂ ಬಂದಿದ್ದ. ಈಗ ಅವಳ ಸಂಶೋಧನೆ ಮುಗಿದು, ಜೇವರ್ಗಿಯ ಒಂದು ಕಾಲೇಜಿನಲ್ಲಿ ಕಾಯಂ ನೌಕರಿ ಸಿಕ್ಕಿತ್ತು. ಬರುವ ಸೋಮವಾರ ಹಾಜರಾಗಬೇಕು. ಭೀಮಾ ನದಿ ದಾಟಿ ದಿನಾ ಹೋಗಿ ಬರುವ ದೂರವಲ್ಲ. ಅಲ್ಲೇ ಮನೆ ಹಿಡಿಯೋಣ, ನೀವೂ ಬರ್ರಿ ಎಂದು ಅವಳು ಕರೆದಿದ್ದಳು. ಶಾಹಿದ ಒಪ್ಪಲಿಲ್ಲ. ಇಲ್ಲಿ ತನ್ನ ಕೋಣೆ ಕುದುರಿದೆ, ಅಚ್ಚುಗಳಿವೆ, ಗಿರಾಕಿಗಳಿಗೆ ಈ ವಿಳಾಸ ಗೊತ್ತಿದೆ ಎಂದೆಲ್ಲ ಹೇಳಿದ. ಎರಡನೇ ಸಲವೂ ಹೆಂಡತಿಯ ಹಿಂದೆ ಗಂಟು ಹೊತ್ತು ಹೋದವನು ಅನಿಸಿಕೊಳ್ಳಲು ಅವನಿಗೆ ಮನಸ್ಸಿರಲಿಲ್ಲ. ಅದನ್ನು ಹೇಳಲಿಲ್ಲ. ಹಾಗಾದರೆ ನಾನು ಅಲ್ಲಿ ಕೋಣೆ ಹಿಡಿದು ಶನಿವಾರಕ್ಕೊಮ್ಮೆ ಬರುತ್ತೇನೆ ಎಂದಳು ಫರಹೀನ. ಆಗಲಿ ಎಂದ. ಆ ‘ಆಗಲಿ’ ಬರೀ ಬಾಯಿಮಾತಾಗಿತ್ತು.

ಗೊಂಬೆ ಅವಳಿಗೆ ಕೊಡುವ ಉಡುಗೊರೆ. ಅವಳಿಗೆ ಗೊತ್ತಾಗದ ಹಾಗೆ ತಿಂಗಳಿಂದ ತಿದ್ದುತ್ತಿದ್ದ. ಮಳೆ ಬಂದಾಗಲೆಲ್ಲ ಬಟ್ಟೆ ತರಲು ಓಡುವ ಅವಳ ಭಂಗಿ: ನೆಲ ಬಿಟ್ಟು ಎದ್ದ ಎಡಗಾಲು, ತೋಳಿನ ಮೇಲೆ ಒದ್ದೆ ಬಟ್ಟೆಯ ಹೊರೆ, ತುಸು ಎತ್ತಿ ಹಿಡಿದ ಸಲವಾರು, ಮಳೆನೀರು ನಿಂತ ಅಂಗಳ. ಮುಖವನ್ನು ಬೀದಿಯ ಕಡೆ ತಿರುಗಿಸಿದ್ದರೆ ಕುತ್ತಿಗೆಯ ಗೆರೆ ಚಂದ ಬರುತ್ತಿತ್ತು. ಅವನು ಮನೆಯ ಕಡೆ ತಿರುಗಿಸಿದ.

ಕೆಲಸದ ಕೋಣೆಯ ಕಿಟಕಿಗೆ ಧೂಳು ಬರದಂತೆ ಕಾಗದ ಮೆತ್ತಿದ್ದ. ಹೊರಗೆ ಉರಿಬಿಸಿಲಿದ್ದರೂ ಒಳಗೆ ಕತ್ತಲು. ಥಿನ್ನರಿನ ಘಾಟು, ರೆಸಿನ್ನಿನ ಸಿಹಿಯಾದ ಕಮಟು, ಕಾಯಿಸಿದ ಮಣ್ಣಿನ ವಾಸನೆ. ಮಣ್ಣನ್ನು ಹಾಗೇ ಬಳಸಿದರೆ ಬೂಷ್ಟು ಹಿಡಿಯುತ್ತದೆಂದು ಹೆಜ್ಜೆಯನ್ನು ಹೆಂಚಿನ ಮೇಲಿಟ್ಟು ಬಿಸಿ ಮಾಡಿದ. ಒಂದು ಸುಟ್ಟ ವಾಸನೆ ಎದ್ದಿತು. ಮಣ್ಣಿನದ್ದಲ್ಲ. ಒಲೆಯ ಮೇಲೆ ಏನೋ ಚೆಲ್ಲಿರಬೇಕು ಎಂದುಕೊಂಡ.

ಕಣ್ಣುಗಳನ್ನು ಮೊದಲು ಬರೆದ. ಅದು ಈ ಕಸಬಿನ ಪದ್ಧತಿ; ಕಣ್ಣು ಕೆಟ್ಟರೆ ಉಳಿದ ಬಣ್ಣ ದಂಡ. ಜಡೆಗೆ ಬಾಚಣಿಗೆಯ ಕೂದಲನ್ನು ಹೊಸೆದು ಅಂಟಿಸಿದ. ತೋಳಿನ ಮೇಲಿನ ಬಟ್ಟೆಗೆ ಅವಳ ಹಳೆಯ ಹಸಿರು ಓಢಣಿಯ ಚೂರು ಹರಿದು ಅಂಟಿನಲ್ಲಿ ಅದ್ದಿ ಮಡಿಕೆ ಕೂರಿಸಿದ. ತಳಕ್ಕೆ ಸೂಜಿಮೊನೆಯಿಂದ ಅವಳ ಹೆಸರು ಕೊರೆದ. ತಿಳಿದವರು ಯಾರಾದರೂ ಆಗ ಬಾಗಿಲಲ್ಲಿ ನಿಂತು ನೋಡಿದ್ದರೆ ಓಡಿಹೋಗುತ್ತಿದ್ದರು. ಶಾಹಿದ ಸಣ್ಣಗೆ ಸಿಳ್ಳೆ ಹಾಕುತ್ತಿದ್ದ.

ಗೊಂಬೆ ಅಲುಗದೆ ನಿಲ್ಲಬೇಕಾದರೆ ಅದರ ಅಂಗಾಲಿಗೆ ತೂತು ಕೊರೆದು ತಂತಿ ಸೇರಿಸಿ, ತಂತಿಯನ್ನು ನೆಲಕ್ಕೆ ಇಳಿಸಬೇಕು. ಸಣ್ಣ ಬೈರಿಗೆಯನ್ನು ಬೆರಳಲ್ಲಿ ತಿರುಗಿಸಿ ಬಲಗಾಲಿಗೆ ತೂತು ಮಾಡಿದ. ಅಂಗಳದಲ್ಲಿ ಫರಹೀನ ಜೇವರ್ಗಿಯ ಕೋಣೆಯ ಯಜಮಾನತಿಯ ಜೊತೆ ಫೋನಿನಲ್ಲಿ ಮಾತಾಡುತ್ತಿದ್ದಳು. ನಗುತ್ತಿದ್ದಳು. ಅಷ್ಟು ಹಗುರಾಗಿ ಅವಳು ನಕ್ಕು ಎಷ್ಟು ದಿನವಾಗಿತ್ತು! ತನ್ನನ್ನು ಬಿಟ್ಟುಹೋಗುವ ಮಾತಿಗೆ ಆ ನಗು ಎಂದುಕೊಂಡು ಅವನು ಬೈರಿಗೆ ಬಿಟ್ಟು ತಂತಿ ಕೈಗೆತ್ತಿಕೊಂಡ.

“ಎಲ್ಲಿ ಹೋಗ್ತಿ ನೋಡೂಣು,” ಎಂದ, ಗೊಂಬೆಯ ಮುಖ ನೋಡುತ್ತ. “ಇಲ್ಲೇ ನಿಂದ್ರು.”

ತಂತಿಯನ್ನು ಒತ್ತಿದ. ಹೊರಗೆ ನಗು ನಿಂತಿತು. ಫೋನು ಕಲ್ಲಿನ ಮೇಲೆ ಬಿದ್ದ ಸದ್ದು. ಓಡಿ ಹೋಗಿ ನೋಡಿದರೆ ಫರಹೀನ ಬಲಗಾಲು ಹಿಡಿದು ನೆಲದ ಮೇಲೆ ಕೂತಿದ್ದಳು.

ಜಾಲಿ ಮುಳ್ಳಿರಬೇಕೆಂದು ಚಿಮಟ ತಂದು ಹುಡುಕಿದ. ಮುಳ್ಳು ಸಿಗಲಿಲ್ಲ. ಅಂಗಾಲಿನ ನಡುವೆ ಒಂದು ಗುಂಡನೆಯ ತೂತಿತ್ತು, ರಕ್ತವಿಲ್ಲದ್ದು. ಗಾಯ ಅಂದರೆ ಸೀಳು, ಪರಚು ಎಂದು ಗೊತ್ತಿದ್ದವನಿಗೆ ಅಷ್ಟು ಅಚ್ಚುಕಟ್ಟಾದ ತೂತು ನೋಡಿ ಒಂದು ಕ್ಷಣ ಬೆವರು ಬಂತು. ಆಮೇಲೆ ಅರಿಶಿನ ಹಚ್ಚಿ, ತಾನೇ ಎತ್ತಿಕೊಂಡು ಒಳಗೆ ತಂದ. ಎತ್ತಿಕೊಂಡದ್ದು ಅವನಿಗೆ ಹಿತವಾಗಿತ್ತು.

ಮರುದಿನ ಹೆಜ್ಜೆಯ ಮಣ್ಣನ್ನು ಬಿಳಿ ಅಂಟಿನ ನೀರು ಚಿಮುಕಿಸಿ, ಈ ಸಲ ಹೆಜ್ಜೆಯ ಅಳತೆಗೇ ದೊಡ್ಡದಾಗಿ ಮಾಡಿದ್ದ ತಳಕ್ಕೆ ಇಡಿಯಾಗಿ ಕೂರಿಸಿದ. ಅಂಟು ಒಣಗಿದಂತೆ ಬಿರುಕುಗಳು ಇನ್ನಷ್ಟು ಬಾಯಿ ಬಿಟ್ಟವು. ಸಂಜೆ ಫರಹೀನ ಹಿಮ್ಮಡಿಗೆ ಎಣ್ಣೆ ತಿಕ್ಕುತ್ತ ಕೂತಿದ್ದಳು. ಹಿಮ್ಮಡಿಯ ಸುತ್ತ ಸಣ್ಣ ಸಣ್ಣ ಬಿರುಕುಗಳಿದ್ದವು, ಒಂದರಿಂದ ಇನ್ನೊಂದು ಕವಲೊಡೆದು ಹೆಬ್ಬೆರಳಿನ ತನಕ ಹೋಗಿದ್ದವು. ಆ ಕವಲುಗಳನ್ನು ಶಾಹಿದ ಬೆಳಿಗ್ಗೆಯಿಂದ ಭೂತಗನ್ನಡಿಯಲ್ಲಿ ನೋಡುತ್ತ ಕೂತಿದ್ದ. ಗುರುತು ಹಿಡಿಯದೆ ಇರಲು ಸಾಧ್ಯವೇ ಇರಲಿಲ್ಲ. ಆದರೂ ಬಾಯಿಂದ ಬಂದದ್ದು, ಬೋರಿನ ನೀರು ಕಾಲಿಗೆ ಒಗ್ಗುತ್ತಿಲ್ಲ, ಬೇರೆ ಸಾಬೂನು ತರುತ್ತೇನೆ ಎಂಬ ಮಾತು. ಕಲಿತವನಿಗೆ ಕಾರಣಕ್ಕೆ ಬರವೇ?

ಶನಿವಾರ ಮಧ್ಯಾಹ್ನ ಕೊನೆಯ ಕೆಲಸ ಉಳಿದಿತ್ತು. ಗೊಂಬೆಯ ಕಾಲ ಸುತ್ತ ಮಳೆನೀರಿನ ಮಡು. ಇದಕ್ಕೆ ನೀರಿನಷ್ಟು ತಿಳಿಯಾದ ಬೇರೆ ರೆಸಿನ್ ಬರುತ್ತದೆ. ಎರಡು ಬಾಟಲಿಯದ್ದನ್ನು ಬೆರೆಸಿ ನಿಧಾನಕ್ಕೆ ಹೊಯ್ದು ಬಿಟ್ಟರೆ ಬೆಳಗಾಗುವಷ್ಟರಲ್ಲಿ ಗಾಜಾಗುತ್ತದೆ. ಕಡ್ಡಿಯ ತುದಿಯಿಂದ ಹನಿ ಹನಿಯಾಗಿ ಬಿಟ್ಟ. ಬಲಗಾಲಿನ ಬೆರಳು ಮುಳುಗಿದವು.

“ನೀರ್ ಯಾರ್ ಚೆಲ್ಯಾರ?” ಅಡಿಗೆ ಮಾಡುವಲ್ಲಿಂದ ಫರಹೀನಳ ದನಿ. “ಕಾಲಿಗಿ ತಣ್ಣಗ ಹತ್ತಾಕತ್ತದ.”

ಅವನು ಹೋಗಿ ನೋಡಿದ. ನೆಲ ಪೂರಾ ಒಣಗಿತ್ತು. ಅವಳು ಮಾತ್ರ ನೀರಿನಲ್ಲಿ ನಿಂತವಳ ಹಾಗೆ ಸಲವಾರನ್ನು ತುಸು ಎತ್ತಿ ಹಿಡಿದಿದ್ದಳು. ತೋಳಿನ ಮೇಲೆ ಒಗೆದ ಬಟ್ಟೆಯಿತ್ತು. ಮುಖ ಅವನ ಕಡೆಗಿತ್ತು. ಶಾಹಿದ ತಿರುಗಿ ಹೋಗಿ ಕೋಣೆಯ ಬಾಗಿಲು ಹಾಕಿಕೊಂಡ. ಆಗಲೇ ಹೊಯ್ದದ್ದನ್ನು ಬಟ್ಟೆಯಿಂದ ಒರೆಸಿಬಿಟ್ಟಿದ್ದರೆ ಆಗುತ್ತಿತ್ತು. ಹಸಿ ರೆಸಿನ್ ಒರೆಸುವುದು ಎರಡು ಚಣದ ಕೆಲಸ. ಆದರೆ ಮಡು ಬಹಳ ಚಂದ ಬಂದಿತ್ತು. ಕೈ ಬರಲಿಲ್ಲ.

ಭಾನುವಾರ ಬೆಳಿಗ್ಗೆ ಫರಹೀನ ಹೊರಟಳು. ಕಲಬುರಗಿಯ ಬಸ್‌ಸ್ಟ್ಯಾಂಡಿಗೆ ಅವಳ ತಾಯಿ ಕುಲಸುಮಬಿ ಅಫಜಲಪುರದಿಂದ ಬರುವವಳಿದ್ದಳು. ಇಬ್ಬರೂ ಕೂಡಿ ಜೇವರ್ಗಿಗೆ ಹೋಗಿ ಕೋಣೆ ಹೊಂದಿಸಬೇಕು. ಶಾಹಿದ ಬ್ಯಾಗು ಹಿಡಿದು ಮುಂದೆ ಹೋಗಿ ಗೇಟು ತೆಗೆದ. ಅವಳು ಕುಂಟುತ್ತ ಬಂದಳು. ಎಡಗಾಲು ಗೇಟಿನಾಚೆ ಇಟ್ಟಳು. ಬಲಗಾಲು ಬರಲಿಲ್ಲ.

ಮೊದಲು ಅವಳು ನಕ್ಕಳು. ಜೋಮು ಹಿಡಿದಿದೆ ಎಂದಳು. ತೊಡೆಯನ್ನು ಎರಡೂ ಕೈಯಿಂದ ಹಿಡಿದು ಎತ್ತಲು ನೋಡಿದಳು. ಕಾಲು ಗೇಟಿನ ಈಚೆ ನೆಲಕ್ಕೆ ಬೆಸೆದು ನಿಂತಿತ್ತು. ಹಿಂದೆ ಬಾ ಎಂದರೆ ಬರುತ್ತಿತ್ತು. ಅಂಗಳದೊಳಗೆ ಎಲ್ಲಿ ಬೇಕಾದರೂ ಹೋಗುತ್ತಿತ್ತು. ಗೇಟಿನ ಹತ್ತಿರ ಬಂದೊಡನೆ ನಿಲ್ಲುತ್ತಿತ್ತು. ಅವಳ ನಗು ಮಾಯವಾಯಿತು.

ಆಟೊ ಕರೆಸಿದರು. ಶಾಹಿದ ಅವಳನ್ನು ತೋಳಲ್ಲಿ ಎತ್ತಿ ಗೇಟು ದಾಟಿಸಲು ಹೋದ. ಅವಳು ಕಿರುಚಿದ ರೀತಿಗೆ ಆಟೊದವನು ಗಾಡಿ ತಿರುಗಿಸಿಕೊಂಡು ಹೋಗಿಬಿಟ್ಟ. ಬಲಗಾಲಿನ ಚರ್ಮ ಮೊಣಕಾಲಿನಿಂದ ಕೆಳಕ್ಕೆ ಜಗ್ಗಿತ್ತು, ಯಾರೋ ಕೆಳಗಿನಿಂದ ಹಿಡಿದಂತೆ. ಅಂಗಳದ ಬೇವಿನ ಮರದ ಕೆಳಗೆ ಕೂರಿಸಿ, ಚಪ್ಪಲಿ ತೆಗೆದು, ಪಾದ ಮುಟ್ಟಿದ. ತಣ್ಣಗಿತ್ತು. ಉಗುರಿನಿಂದ ತಟ್ಟಿದ.

ಟಕ್ ಎಂದಿತು.

ಆ ಸದ್ದು ಅವನಿಗೆ ಚೆನ್ನಾಗಿ ಗೊತ್ತಿತ್ತು. ರೆಸಿನ್ ಪೂರಾ ಗಟ್ಟಿಯಾಯಿತೋ ಇಲ್ಲವೋ ಎಂದು ದಿನಾ ಹಾಗೇ ತಟ್ಟಿ ನೋಡುತ್ತಿದ್ದ.

ಕೋಣೆಗೆ ಓಡಿದ. ಮೇಜಿನ ಮೇಲೆ ದೀಪದ ಕೆಳಗೆ ಗೊಂಬೆ ನಿಂತಿತ್ತು. ಮಡುವಿನ ರೆಸಿನ್ ಗೊಂಬೆಯ ಕಾಲನ್ನು ಹತ್ತಿ ಕಾಲಗಂಟಿನ ಮೇಲಕ್ಕೆ ಏರಿತ್ತು. ಹಸಿ ಇದ್ದಾಗ ರೆಸಿನ್ ಅಂಚಿಗೆ ತುಸು ಏರುವುದುಂಟು, ಅದು ಈ ಕಸಬಿನ ಹಳೆಯ ಕಾಟ. ಆದರೆ ಇದು ರಾತ್ರಿಯೇ ಗಾಜಾಗಿತ್ತು. ಗಾಜು ಏರುವುದಿಲ್ಲ. ಅವನು ನೋಡುತ್ತ ನಿಂತ. ಹೊಳೆಯುವ ಅಂಚು ಸಲವಾರಿನ ಒಂದು ಮಡಿಕೆಯನ್ನು ಮುಚ್ಚಿತು. ಆಮೇಲೆ ಇನ್ನೊಂದನ್ನು.

ರೆಸಿನ್ನಿಗೆ ಬಿಸಿ ತಾಗಿದರೆ ಮೆತ್ತಗಾಗುತ್ತದೆ. ಕೂದಲು ಒಣಗಿಸುವ ಯಂತ್ರ ತಂದು ಮಡುವಿಗೆ ಹಿಡಿದ. ಅಂಗಳದಿಂದ ಚೀತ್ಕಾರ ಬಂತು. ಯಂತ್ರ ಬಿಸಾಕಿ ಹೊರಗೋಡಿದ. ಫರಹೀನಳ ಪಾದದ ಮೇಲೆ ಬೊಬ್ಬೆ ಎದ್ದಿದ್ದವು. ಬೇವಿನ ನೆರಳಿನಲ್ಲಿ ಕೂತವಳ ಕಾಲಿಂದ ಸುಟ್ಟ ವಾಸನೆ ಬರುತ್ತಿತ್ತು.

ಚಂದಮ್ಮ ತನ್ನ ಹೊಸ್ತಿಲಲ್ಲಿ ನಿಂತು ಎಲ್ಲ ನೋಡಿದ್ದಳು. ಶಾಹಿದ ಅವಳ ಬಳಿಗೆ ಹೋದ. ಆಯಿ, ಏನಾದರೂ ಮಾಡಿ ಎಂದು ಕೈಮುಗಿದ. ತನಗೆ ಬಿಡಿಸಲು ಬರುವುದಿಲ್ಲ ಎಂದಳು ಅವಳು. ಬರುತ್ತಿದ್ದರೆ ತನ್ನ ಅಕ್ಕ ಬದುಕಿರುತ್ತಿದ್ದಳು. ಅಕ್ಕನನ್ನು ಬೇರೆ ಊರಿಗೆ ಕೊಡುವುದು ಗೊತ್ತಾದಾಗ, ಅವಳ ಮೇಲೆ ಮನಸ್ಸಿಟ್ಟವನೊಬ್ಬ ಹೆಜ್ಜೆಯ ಮಣ್ಣೆತ್ತಿ ಹಿಟ್ಟಿನ ಗೊಂಬೆ ಮಾಡಿ ಹೂತಿದ್ದ. ಅಪ್ಪ ಅದನ್ನು ಹುಡುಕಿ ತೆಗೆದು, ಸಿಟ್ಟಿನಲ್ಲಿ ಕಲ್ಲಿನ ಮೇಲೆ ಒಡೆದ. ಅಕ್ಕ ಪಡಸಾಲೆಯಲ್ಲಿ ಕೂತಲ್ಲೇ ಮುರಿದು ಬಿದ್ದಳು. ಅಷ್ಟು ಮಾತ್ರ ತನಗೆ ಗೊತ್ತು.

ಚಂದಮ್ಮ ಅಂಗಳಕ್ಕಿಳಿದು ಫರಹೀನಳ ಪಕ್ಕದಲ್ಲಿ ಕೂತಳು. ಅವಳ ಕೈಯನ್ನು ತನ್ನ ಕೈಯಲ್ಲಿ ತೆಗೆದುಕೊಂಡು, ಶಾಹಿದನ ಕಡೆ ತಿರುಗಿ ಕೇಳಿದಳು:

“ಮಣ್ಣು, ಕೂದಲಾ ಬರೇ ಹಿಡ್ಕೊಳ್ಳಾಕ. ಕಟ್ಟೂದು ಬ್ಯಾರೆ ಅದ. ನಿಲ್ಲಸೂ ಮುಂದ ನೀ ಏನ್ ಬೇಡಿದಿ?”

“ಏನಿಲ್ಲ.”

ಫರಹೀನ ತೊಡೆ ಹಿಡಿದು ನರಳಿದಳು. ಚಂದಮ್ಮ ಸಲವಾರನ್ನು ಸರಿಸಿ ನೋಡಿದಳು. ಮೀನಖಂಡದ ಅರ್ಧದ ತನಕ ಚರ್ಮ ನುಣುಪಾಗಿ ಹೊಳೆಯುತ್ತಿತ್ತು. ಒಂದು ರೋಮವೂ ಕಾಣುತ್ತಿರಲಿಲ್ಲ.

“ಇಲ್ಲೇ ನಿಂದ್ರು ಅಂದೆ,” ಎಂದ ಶಾಹಿದ. ಹೇಳುತ್ತ ಹೇಳುತ್ತ ಅತ್ತ. “ಚ್ಯಾಷ್ಟಿಗಿ ಅಂದೆ.”

ಫರಹೀನ ಅವನನ್ನು ನೋಡಿದಳು. ಗೊಂಬೆಯ ವಿಷಯ ಅವಳಿಗೆ ಗೊತ್ತಾದದ್ದು ಆಗ. ಅವಳ ಮುಖದಲ್ಲಿ ಸಿಟ್ಟು ಕಾಣಲಿಲ್ಲ. ಇಷ್ಟು ವರ್ಷ ಒಂದೇ ಹಾಸಿಗೆಯಲ್ಲಿ ಮಲಗಿದ್ದವನು ಯಾರು ಎಂದು ಈಗ ಹುಡುಕುತ್ತಿದ್ದಳು. ಅದನ್ನು ನೋಡುವುದು ಅವನಿಗೆ ಬಹಳ ಕಷ್ಟವಾಯಿತು.

ಬೇಡಿದ್ದನ್ನು ಬಾಯಿಬಿಟ್ಟು ಬಿಟ್ಟುಕೊಡು ಎಂದಳು ಚಂದಮ್ಮ. ಅವನು ಮಂಡಿಯೂರಿ ಹೇಳಿದ. ಹೋಗು, ಫರಹೀನ, ಜೇವರ್ಗಿಗೆ ಹೋಗು, ಎಲ್ಲಿಗೆ ಬೇಕಾದರೂ ಹೋಗು. ಮತ್ತೆ ಮತ್ತೆ ಹೇಳಿದ. ಕಾಲು ಹಾಗೇ ಇತ್ತು. ಹೇಳುತ್ತಿರುವಾಗಲೇ ಅವನ ಎದೆಯೊಳಗೆ ಬೇರೊಂದು ದನಿ, ಹೋಗಬೇಡ, ಹೋಗಬೇಡ ಎನ್ನುತ್ತಿದ್ದದ್ದು ಅವನಿಗೇ ಕೇಳುತ್ತಿತ್ತು. ಹೊಳಪು ಇನ್ನಷ್ಟು ಮೇಲೇರಿತು.

“ಬಿಡ್ರಿ,” ಎಂದಳು ಫರಹೀನ. ದನಿ ಗಟ್ಟಿಯಾಗಿತ್ತು. “ನಿಮ್ಮ ಮನಸ್ಸ್ ಬದಲಾಗೂತನಕ ನಾ ಉಳ್ಯಂಗಿಲ್ಲ. ಆ ಗೊಂಬಿ ಹೊರಗ ತರ್ರಿ. ಗರಗಸ ತರ್ರಿ.”

ಅವನು ಬೇಡ ಎಂದ. ಬೇರೆ ದಾರಿ ಹುಡುಕುತ್ತೇನೆ, ಆಳಂದದಿಂದ ಯಾರನ್ನಾದರೂ ಕರೆಸುತ್ತೇನೆ ಎಂದ. ಅವಳು ಕೇಳಿಸಿಕೊಳ್ಳಲಿಲ್ಲ.

“ಮೊಣಕಾಲ ಕೆಳಗ ಕೊಯ್ರಿ. ಅದರ ಮ್ಯಾಲ ಏರೂದ್ರಾಗ ಕೊಯ್ರಿ.”

ಕೋಣೆಗೆ ಹೋದ. ಕರೆಂಟು ಹೋಗಿತ್ತು. ಕತ್ತಲಲ್ಲಿ ಕೈಯಾಡಿಸಿದ. ಥಿನ್ನರಿನ ಬಾಟಲಿ ಉರುಳಿತು. ಘಾಟು ಮೂಗಿಗೆ ಹೊಡೆಯಿತು. ಬೆರಳಿಗೆ ಗೊಂಬೆ ಸಿಕ್ಕಿತು. ಬೆಚ್ಚಗಿತ್ತು. ಅದರ ಎದೆ ಏರಿಳಿಯುತ್ತಿತ್ತೇ? ತನ್ನ ಕೈಯ ನಡುಕವೇ? ನೋಡಲಿಲ್ಲ. ಗರಗಸ ಹಿಡಿದು ಬಿಸಿಲಿಗೆ ಬಂದ.

ಗೊಂಬೆಯನ್ನು ಅವಳ ಮುಂದೆ ಕಲ್ಲಿನ ಮೇಲಿಟ್ಟ. ಅವಳು ತನ್ನ ಮುಖವನ್ನು ನೋಡಿದಳು. ತನ್ನ ಕೂದಲು. ತನ್ನ ಓಢಣಿ. “ಎಷ್ಟ್ ಚಂದ ಮಾಡೀರಿ,” ಎಂದಳು ಮೆಲ್ಲಗೆ. ಆಮೇಲೆ ಚಂದಮ್ಮನ ಸೆರಗನ್ನು ಬಾಯಲ್ಲಿ ಕಚ್ಚಿದಳು.

ಗೊಂಬೆಯ ಬಲಗಾಲಿಗೆ ಗರಗಸದ ಹಲ್ಲು ತಾಗಿತು. ಅವಳ ಮೈ ಬಿಲ್ಲಾಯಿತು. ಅವನು ನಿಲ್ಲಿಸಿದ. ನಿಲ್ಲಸಬ್ಯಾಡ ಎಂದು ಚಂದಮ್ಮ ಕೂಗಿದಳು. ಮತ್ತೆ ಎಳೆದ. ಬಿಳಿ ಪುಡಿ ಉದುರಿತು. ರೆಸಿನ್ನಿನ ಪುಡಿ. ಮೂಳೆಯ ವಾಸನೆ. ಎಳೆದ. ಕಚ್ಚಿದ ಬಟ್ಟೆಯೊಳಗಿಂದ ಒಂದೇ ಸಮ ದನಿ ಬರುತ್ತಿತ್ತು. ಆ ದನಿಗೂ ಗರಗಸಕ್ಕೂ ಒಂದೇ ಲಯ. ಹೊಳಪು ಮೊಣಕಾಲಿನ ಹತ್ತಿರ ಬಂತು. ಎಳೆದ. ಕಣ್ಣಿಗೆ ಬೆವರು. ಏನೂ ಕಾಣದು. ಎಳೆದ.

ಕಟ್ ಎಂದಿತು.

ಗೊಂಬೆ ಅವನ ಕೈಗೆ ಬಂತು. ಕಾಲು ಮಡುವಿನಲ್ಲೇ ನಿಂತಿತು. ಫರಹೀನ ಚಂದಮ್ಮನ ಮಡಿಲಿಗೆ ಒರಗಿದ್ದಳು. ರಕ್ತ ಒಂದು ಹನಿಯೂ ಬಂದಿರಲಿಲ್ಲ. ಹೊಳಪು ಹೋಗಿತ್ತು. ಮೊಣಕಾಲ ಕೆಳಗೆ ಕಾಲು ಕಾಲಾಗಿಯೇ ಇತ್ತು, ಆದರೆ ಇದ್ದಿಲಿನ ಬಣ್ಣದ್ದು. ಶಾಹಿದ ಅವಳನ್ನು ಎತ್ತಿಕೊಂಡು ಗೇಟಿನ ಕಡೆ ಓಡಿದ. ಈ ಸಲ ಯಾರೂ ಹಿಡಿಯಲಿಲ್ಲ.

ಕಲಬುರಗಿಯ ಆಸ್ಪತ್ರೆಯಲ್ಲಿ ಡಾಕ್ಟರು ರಕ್ತ ಓಡದೆ ಕಾಲು ಸತ್ತಿದೆ ಎಂದರು. ಇಷ್ಟಾಗುವ ತನಕ ಮನೆಯಲ್ಲಿ ಏನು ಮಾಡುತ್ತಿದ್ದಿರಿ ಎಂದು ಶಾಹಿದನನ್ನು ಬೈದರು. ಅದೇ ದಿನ ಕಾಲು ತೆಗೆದರು. ಅದಕ್ಕೊಂದು ಕಾಯಿಲೆಯ ಹೆಸರು ಕೊಟ್ಟರು. ಆ ಹೆಸರನ್ನು ನಂಬಲು ಅವನಿಗೆ ಎಷ್ಟು ಆಸೆಯಿತ್ತೆಂದರೆ ಅದನ್ನು ದಿನಾ ಬಾಯಿಪಾಠ ಮಾಡಿಕೊಂಡ.

ಕಾಲೇಜಿನವರು ಹಾಜರಾಗಲು ಸಮಯ ಕೊಟ್ಟರು. ಫರಹೀನ ಗಾಯ ಮಾಯುವ ತನಕ ಅಫಜಲಪುರದಲ್ಲಿ ತಾಯಿಯ ಮನೆಯಲ್ಲಿದ್ದಳು. ಈ ಕಡೆ ಶಾಹಿದ ಗೊಂಬೆಯನ್ನೂ, ಮಡುವಿನಲ್ಲಿ ನಿಂತ ಕಾಲನ್ನೂ, ಅಚ್ಚನ್ನೂ ಒಂದು ಚೀಲಕ್ಕೆ ಹಾಕಿ, ಚಂದಮ್ಮನನ್ನು ಸಾಕ್ಷಿಗೆ ಕರೆದುಕೊಂಡು ಹೋಗಿ ಭೀಮೆಯ ಸೇತುವೆಯ ಮೇಲಿಂದ ಬಿಟ್ಟ. ಬಣ್ಣ, ಬೈರಿಗೆ, ಪುಟ್ಟಿ, ಉಳಿದ ಗೊಂಬೆಗಳು ಒಂದನ್ನೂ ಉಳಿಸಲಿಲ್ಲ. ಕಿಟಕಿಯ ಕಾಗದ ಕಿತ್ತ. ಬಾಚಣಿಗೆಯ ಕೂದಲನ್ನು ಒಲೆಗೆ ಹಾಕಿದ. ಅವನ ಪಶ್ಚಾತ್ತಾಪ ಸುಳ್ಳಲ್ಲ. ಅವನು ಅವಳಿಗಾಗಿ ಸಾಯಲೂ ತಯಾರಿದ್ದ. ಅವಳು ಕೇಳಿದ್ದು ಮಾತ್ರ ಅದಲ್ಲ.

ಮಳೆಗಾಲ ಮುಗಿದ ಮೇಲೆ ಒಂದು ಬೆಳಿಗ್ಗೆ ಅವಳು ಬಂದಳು, ಪುಸ್ತಕಗಳನ್ನು ಒಯ್ಯಲು. ಎರಡೂ ಕಂಕುಳಲ್ಲಿ ಊರುಗೋಲು. ಗೇಟಿನ ಹೊರಗೆ ಆಟೊದಲ್ಲಿ ಕುಲಸುಮಬಿ ಕೆಳಗಿಳಿಯದೆ ಕೂತಿದ್ದಳು. ಅಳಿಯನ ಮುಖ ನೋಡಲಾರೆ ಎಂದು ಹೇಳಿ ಕಳಿಸಿದ್ದಳು. ಶಾಹಿದ ಪುಸ್ತಕದ ಗಂಟುಗಳನ್ನು ಆಟೊದಲ್ಲಿ ಇಟ್ಟು ಬಂದ. ಖಾಲಿಯಾದ ಕೆಲಸದ ಕೋಣೆಯನ್ನು ಫರಹೀನ ಬಾಗಿಲಲ್ಲಿ ನಿಂತು ನೋಡಿದಳು. ಒಳಗೆ ಬೆಳಕು ಬಿದ್ದಿತ್ತು.

“ಆವತ್ತ್ ಹೋಗು ಅಂದ್ರಿ,” ಎಂದಳು. “ಅದು ಖರೆ ಇದ್ದಿದ್ರ ನಂಗ ಕಾಲ್ ಇರ್ತಿತ್ತು. ಈಗರೆ ಖರೆ ಅಂತೀರೇನು?”

“ಖರೆ,” ಎಂದ. “ಅಲ್ಲಾಹ್‌ನಾಣಿ ಖರೆ. ಹೋಗು.”

ಅವಳು ಅವನನ್ನೇ ತುಸು ಹೊತ್ತು ನೋಡಿ, ನಂಬಿದಳು. ಅಂಗಳ ದಾಟಿ ನಡೆದಳು. ಊರುಗೋಲು, ಕಾಲು, ಊರುಗೋಲು, ಕಾಲು. ಶಾಹಿದ ಬೇವಿನ ಕೆಳಗೆ ನಿಂತು ನೋಡಿದ. ಅವಳ ಬೆನ್ನು ಸಣ್ಣದಾಗುತ್ತ ಹೋಯಿತು. ಹೋಗಲಿ ಎಂದುಕೊಂಡ. ಚೆನ್ನಾಗಿರಲಿ ಎಂದುಕೊಂಡ. ಇನ್ನು ಈ ಬೆನ್ನನ್ನು ತಾನು ನೋಡುವುದಿಲ್ಲ ಎಂದು ಹೊಳೆಯಿತು. ಆ ಕ್ಷಣ ಅವನ ಎದೆಯ ತಳದಿಂದ, ಗೊಂಬೆಯ ಮುಂದೆ ಆಡಿದ್ದ ಅದೇ ಮಾತು ಎದ್ದಿತು. ಅವನು ಹಲ್ಲು ಕಚ್ಚಿದ. ತುಟಿ ಅಲುಗಿಸಲಿಲ್ಲ.

ಫರಹೀನ ಗೇಟಿನಲ್ಲಿ ನಿಂತಳು.

ಊರುಗೋಲುಗಳನ್ನು ಆಚೆಗೆ ಊರಿದಳು. ಮೈಯನ್ನು ಮುಂದಕ್ಕೆ ತೂಗಿದಳು. ಮತ್ತೊಮ್ಮೆ ತೂಗಿದಳು. ಆಟೊದಿಂದ ತಾಯಿ, ಏನಾಯಿತು ಬೇಟಿ, ಬಾ ಎಂದು ಕರೆದಳು. ಫರಹೀನ ನಿಧಾನಕ್ಕೆ ಕುತ್ತಿಗೆ ತಿರುಗಿಸಿ ಅವನ ಕಡೆ ನೋಡಿದಳು.

“ಎಲ್ಲಾ ಹೊಳಿಗಿ ಹಾಕೇನಿ ಅಂದ್ರಿ. ಏನ್ ಉಳಸೀರಿ?”

“ಏನಿಲ್ಲ,” ಎಂದ ಶಾಹಿದ. ಅದು ನಿಜ. ಎರಡೂ ಕೈ ಚಾಚಿ ತೋರಿಸಿದ. ಅಂಗೈಗಳು ಖಾಲಿ ಇದ್ದವು. ಮಣ್ಣಿರಲಿಲ್ಲ, ಕೂದಲಿರಲಿಲ್ಲ, ಕೊಯ್ಯಲು ಗೊಂಬೆಯಿರಲಿಲ್ಲ.

ಚಂದಮ್ಮ ತನ್ನ ಹೊಸ್ತಿಲಿನಿಂದ ಎದ್ದು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಬೀದಿಯಲ್ಲಿ ಆಟೊದವನು ಹಾರ್ನ್ ಒತ್ತಿದ. ಫರಹೀನಳ ಎಡಗಾಲು ನೆಲ ಬಿಟ್ಟು ಏಳಲಿಲ್ಲ.